ಪ್ಯಾಡ್ ಹೊಸದು, ಬ್ರೇಕ್ ಮಾತ್ರ ಹಿಡಿಯುತ್ತಿಲ್ಲ

ಮಾನ್ಯ ಸಂಪಾದಕರೇ,

ಬ್ರೇಕ್ ಫೇಲ್ ಆಗಿ ಗಾಡಿ ಪಲ್ಟಿ ಅನ್ನುವ ಸುದ್ದಿ ಕೊಡಗಿನ ಪುಟದಲ್ಲಿ ಹೊಸದೇನಲ್ಲ. ಸಂಪಾಜೆ ಘಾಟಿ, ಮಾಕುಟ್ಟ, ಕರಿಕೆ ರಸ್ತೆ, ಎಲ್ಲಾದರೂ ಒಂದು ಕಡೆ ಆಗುತ್ತಲೇ ಇರುತ್ತದೆ. ಗಾಡಿಯಲ್ಲಿ ಏನು ಲೋಡ್ ಇತ್ತು, ಡ್ರೈವರ್ ಯಾವ ಊರಿನವನು, ಎಷ್ಟು ಹೊತ್ತು ರಸ್ತೆ ಬ್ಲಾಕ್ ಆಯಿತು, ಎಲ್ಲ ಬರೆಯುತ್ತೀರಿ. ಬ್ರೇಕ್ ಯಾಕೆ ಫೇಲ್ ಆಯಿತು ಅನ್ನುವುದು ಮಾತ್ರ ಬರುವುದಿಲ್ಲ. ಓದುವ ನಾವೂ ಹಣೆಬರಹ ಅಂತ ಪುಟ ತಿರುಗಿಸುತ್ತೇವೆ. ನಿಮ್ಮ ವರದಿಗಾರರು ಇನ್ನು ಮುಂದೆ ಒಂದು ಪ್ರಶ್ನೆ ಜಾಸ್ತಿ ಕೇಳಲಿ: ಈ ಗಾಡಿಗೆ ಕೊನೆಯದಾಗಿ ಬ್ರೇಕ್ ಕೆಲಸ ಆಗಿದ್ದು ಯಾವಾಗ?

ಯಾಕೆ ಹೇಳುತ್ತಿದ್ದೇನೆ ಅಂದರೆ, ಕೆಲಸವೇ ಮಾಡಿಸದೆ ಬಿಟ್ಟ ಬ್ರೇಕ್ ಹೇಗೆ ಕೈಕೊಡುತ್ತದೋ, ಈಗಷ್ಟೇ ಕೆಲಸ ಮಾಡಿಸಿದ ಬ್ರೇಕೂ ಹಾಗೇ ಕೈಕೊಡುತ್ತದೆ. ಎರಡನೆಯದು ಇನ್ನೂ ಅಪಾಯ, ಯಾಕೆಂದರೆ ಡ್ರೈವರ್ ಧೈರ್ಯವಾಗಿರುತ್ತಾನೆ. ಹೊಸ ಪ್ಯಾಡ್ ಹಾಕಿಸಿದ್ದೇನಲ್ಲ, ಇನ್ನೇನು ಭಯ ಅಂತ.

ನಾನು ಸುಂಟಿಕೊಪ್ಪ ಕಡೆಯವನು, ಪಿಕಪ್ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತೇನೆ. ಕೊಯ್ಲಿನ ಕಾಲದಲ್ಲಿ ತೋಟಗಳಿಂದ ಕಾಫಿ ಮೂಟೆ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ, ಉಳಿದ ಕಾಲದಲ್ಲಿ ಗೊಬ್ಬರ, ಶುಂಠಿ, ಮನೆ ಸಾಮಾನು, ಸಿಕ್ಕಿದ್ದು. ಆಗಾಗ ಮಂಗಳೂರು ಕಡೆಗೂ ಇಳಿಯುವುದುಂಟು. ಕಳೆದ ಕೊಯ್ಲಿಗೆ ಮುಂಚೆ ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿಸಿದೆ. ಪ್ಯಾಡ್ ಅಂದರೆ ಬ್ರೇಕ್ ತುಳಿದಾಗ, ಚಕ್ರದ ಜೊತೆ ತಿರುಗುವ ಕಬ್ಬಿಣದ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ತುಂಡು. ಗ್ಯಾರೇಜ್ ಯಾವುದು ಅಂತ ಬರೆಯುವುದಿಲ್ಲ, ಆ ಒಂದು ಗ್ಯಾರೇಜಿನ ಕಥೆ ಮಾತ್ರ ಅಲ್ಲ ಇದು. ಹಾಕಿಸಿಕೊಂಡು ಹೊರಟರೆ ಬ್ರೇಕ್ ಹಳೇ ಪ್ಯಾಡಿಗಿಂತ ಕಡೆ! ಪೆಡಲ್ ಗಟ್ಟಿಯಾಗೇ ಇದೆ, ಗಾಡಿ ಮಾತ್ರ ನಿಲ್ಲುವುದಿಲ್ಲ, ಜೋರಾಗಿ ತುಳಿದರೆ ಎಡಕ್ಕೆ ಎಳೆಯುತ್ತದೆ. ವಾಪಸ್ ಹೋಗಿ ಕೇಳಿದ್ದಕ್ಕೆ, "ಹೊಸ ಪ್ಯಾಡ್ ಅಲ್ವಾ ಅಣ್ಣಾ, ಓಡ್ತಾ ಓಡ್ತಾ ಸರಿಯಾಗ್ತದೆ" ಅಂದರು.

ಈ ಉತ್ತರ ಕೇಳದ ಗಾಡಿ ಮಾಲೀಕ ಜಿಲ್ಲೆಯಲ್ಲಿ ಇದ್ದಾನಾ? ನನಗಂತೂ ಸಂಶಯ.

ಉತ್ತರ ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ಹೊಸ ಪ್ಯಾಡ್ ಸಪಾಟಾಗಿರುತ್ತದೆ, ಹಳೇ ಡಿಸ್ಕ್ ಗ್ರಾಮಫೋನ್ ಪ್ಲೇಟಿನ ಹಾಗೆ ಗೆರೆ ಗೆರೆ. ಗೆರೆಯ ಏಣುಗಳು ಮಾತ್ರ ಪ್ಯಾಡಿಗೆ ತಾಗುತ್ತವೆ, ಉಳಿದ ಜಾಗ ಖಾಲಿ. ಒಂದಕ್ಕೊಂದು ಸವೆದು ಕೂರುವ ತನಕ ಹಿಡಿತ ಕಡಿಮೆಯೇ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಪ್ಯಾಡನ್ನು ಅಂಟಿನಂಥ ರಾಳ ಹಾಕಿ ಒತ್ತಿ ಮಾಡಿರುತ್ತಾರೆ. ಮೊದಲ ಸಲ ಚೆನ್ನಾಗಿ ಬಿಸಿಯಾದಾಗ ಅದರಿಂದ ಗ್ಯಾಸ್ ಬರುತ್ತದೆ, ಅದು ಪ್ಯಾಡ್ ಮತ್ತು ಡಿಸ್ಕ್ ಮಧ್ಯೆ ನಿಂತು ಆ ಹೊತ್ತಿಗೆ ಹಿಡಿತವನ್ನು ಕಡಿಮೆ ಮಾಡುತ್ತದೆ. ಅಂದರೆ ಹೊಸ ಪ್ಯಾಡ್ ಹಾಕಿದ ಗಾಡಿಯನ್ನು ಲೋಡ್ ತುಂಬಿ ನೇರ ಸಂಪಾಜೆಗೆ ಇಳಿಸುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ.

ಲೆಕ್ಕ ಹಾಕಿ ನೋಡಿ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿತ. ಲೋಡ್ ಸೇರಿ 3 ಟನ್ ತೂಗುವ ಪಿಕಪ್ ಅಷ್ಟು ಇಳಿದರೆ ಹೊರಬರುವ ಶಕ್ತಿ ಸುಮಾರು 8 ಯೂನಿಟ್ ಕರೆಂಟಿನಷ್ಟು. ಒಂದು ಕಿಲೋವಾಟ್ ಹೀಟರ್ ಎಂಟು ಗಂಟೆ ಉರಿದಷ್ಟು ಬಿಸಿ, ಮುಕ್ಕಾಲು ಗಂಟೆಯಲ್ಲಿ. ಗೇರಿನಲ್ಲಿ ಇಳಿದರೆ ಎಂಜಿನ್ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಡೀಸೆಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್‌ಗೆ ಹಾಕಿದರೆ ಗಾಳಿಗೆ, ಟಯರಿಗೆ ಹೋಗಿ ಉಳಿದದ್ದೆಲ್ಲ ಬ್ರೇಕಿನ ತಲೆಯ ಮೇಲೆ. ಹತ್ತುವ ಗೇರಿನಲ್ಲೇ ಇಳಿ ಅಂತ ಹಳೇ ಡ್ರೈವರ್‌ಗಳು ಹೇಳುತ್ತಿದ್ದುದು ಸುಮ್ನೆ ಅಲ್ಲ.

ಹಾಗಾದರೆ ಹೊಸ ಪ್ಯಾಡನ್ನು ಕೂರಿಸುವುದು ಹೇಗೆ? ಖಾಲಿ ಗಾಡಿ, ಸಮತಟ್ಟು ರಸ್ತೆ. ಐವತ್ತು ಅರವತ್ತು ಸ್ಪೀಡಿನಿಂದ ಹತ್ತಕ್ಕೆ ಬರುವ ತನಕ ಗಟ್ಟಿಯಾಗಿ, ಚಕ್ರ ಲಾಕ್ ಆಗದ ಹಾಗೆ ಬ್ರೇಕ್ ತುಳಿಯುವುದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸಿ ಸ್ವಲ್ಪ ಆರಲು ಬಿಡುವುದು, ಹೀಗೆ ಎಂಟು ಹತ್ತು ಸಲ. ಬಿಸಿ ಇರುವಾಗ ಪೆಡಲ್ ತುಳಿದುಕೊಂಡು ನಿಲ್ಲಬಾರದು. ಆಮೇಲೆ ಒಂದೆರಡು ನೂರು ಕಿಲೋಮೀಟರ್ ಹಗುರ ಲೋಡಿನಲ್ಲಿ ಓಡಿಸಬೇಕು. ಕೊಡಗಿನಲ್ಲಿ ಸಮತಟ್ಟು ರಸ್ತೆ ಎಲ್ಲಿಂದ ತರುವುದು ಅಂತ ನಗಬೇಡಿ, ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ಕಡೆ ಬೆಳಿಗ್ಗೆ ಬೇಗ ಹೋದರೆ ಸಿಗುತ್ತದೆ.

ಇಷ್ಟು ಮಾಡಿದ ಮೇಲೂ ನನ್ನ ಗಾಡಿ ಎಡಕ್ಕೆ ಎಳೆಯುವುದು ಬಿಡಲಿಲ್ಲ. ಓಡ್ತಾ ಓಡ್ತಾ ಸರಿಯಾಗುವ ಕಾಯಿಲೆ ಅದಲ್ಲ ಅಂತ ಆಗಲೇ ಗೊತ್ತಾಯಿತು. ಗ್ಯಾರೇಜಿನಲ್ಲಿ ಬ್ಲೀಡಿಂಗ್ ಮಾಡಿ, ಅಂದರೆ ಬ್ರೇಕ್ ಲೈನಿನ ಆಯಿಲ್ ಸ್ವಲ್ಪ ಹೊರಬಿಟ್ಟು, ಒಳಗಿನ ಏರ್ ತೆಗೆದರು, ಬದಲಾವಣೆ ಇಲ್ಲ. ಪ್ಯಾಡೇ ಡೂಪ್ಲಿಕೇಟ್ ಇರಬೇಕು, ಬೇರೆ ಕಂಪನಿದು ಹಾಕೋಣ ಅಂದರು. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿರಬಹುದು ಅಂದರು. ಪಾರ್ಟ್ಸ್ ಮೇಲೆ ಪಾರ್ಟ್ಸ್ ಹಾಕಿಸುವ ದಾರಿ ಇದು, ನೀವೂ ನೋಡಿರುತ್ತೀರಿ.

ಗೋಣಿಕೊಪ್ಪ ಕಡೆ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಇಕ್ಕಾ ಅಂತಲೇ ಕರೆಯುವುದು. ಅವರಲ್ಲಿಗೆ ಗಾಡಿ ತೆಗೆದುಕೊಂಡು ಹೋದರೆ ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು, "ಹಳೇ ಪ್ಯಾಡ್ ಉಂಟಾ?"

ಪುಣ್ಯಕ್ಕೆ ಸೀಟಿನ ಕೆಳಗೆ ಇತ್ತು. ಮಗಳ ಶಾಲೆಯ ಯಾವುದೋ ಪ್ರಾಜೆಕ್ಟಿಗೆ ಆಗುತ್ತದೆ ಅಂತ ಹಾಕಿಟ್ಟಿದ್ದೆ! ನಾಲ್ಕನ್ನೂ ಬೆಂಚಿನ ಮೇಲೆ ಜೋಡಿ ಜೋಡಿಯಾಗಿ ಇಟ್ಟರು. ಎಡಗಡೆ ಜೋಡಿ ಎರಡೂ ಒಂದೇ ಸಮ ಸವೆದಿತ್ತು. ಬಲಗಡೆ ಜೋಡಿಯಲ್ಲಿ ಒಳಗಿನದು ಕಬ್ಬಿಣದ ತಗಡು ಕಾಣುವಷ್ಟು ತೆಳ್ಳಗೆ, ಹೊರಗಿನದರಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. "ಇದರಲ್ಲೇ ಬರೆದುಂಟಲ್ಲ ಅಣ್ಣಾ" ಅಂದರು. ಬಲಗಡೆ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ, ಜಾರುತ್ತಿಲ್ಲ, ಪಿನ್ ಹಿಡಿದಿದೆ ಅಂತ ಅರ್ಥ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಪಿಕಪ್‌ಗಳ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಮೇಲೊಂದು ರಬ್ಬರ್ ಟೋಪಿ ಇರುತ್ತದೆ. ಅದು ಹರಿದರೆ ಕಥೆ ಮುಗಿಯಿತು. ನಮ್ಮ ಮಳೆ, ತೋಟದ ರಸ್ತೆಯ ಕೆಸರು, ನೀರು ಒಳಗೆ ಹೋಗಿ ತುಕ್ಕು ಹಿಡಿದು ಪಿನ್ ಅಲ್ಲೇ ಗಟ್ಟಿ. ಆಮೇಲೆ ಒಂದು ಪ್ಯಾಡ್ ಮಾತ್ರ ದುಡಿಯುತ್ತದೆ. ಹಳೇ ಪ್ಯಾಡ್ ನಿಧಾನವಾಗಿ ಸವೆಯುವಾಗ ಇದು ಗೊತ್ತೇ ಆಗುವುದಿಲ್ಲ, ಕಾಲಿಗೆ ಅಭ್ಯಾಸ ಆಗಿಬಿಟ್ಟಿರುತ್ತದೆ. ದಪ್ಪ ಹೊಸ ಪ್ಯಾಡ್ ತುರುಕಲು ಕ್ಯಾಲಿಪರನ್ನು ರಾಡ್ ಹಾಕಿ ಮೀಟಿ ಸರಿಸುತ್ತಾರೆ, ಅದು ಸರಿಸಿದ ಜಾಗದಲ್ಲೇ ಕಚ್ಚಿ ಕೂರುತ್ತದೆ, ಹೊರಗಿನ ಪ್ಯಾಡ್ ಡಿಸ್ಕಿಗೆ ಸರಿಯಾಗಿ ತಾಗುವುದೇ ಇಲ್ಲ. ಬಲಗಡೆ ಅರ್ಧ ಬ್ರೇಕ್, ಎಡಗಡೆ ಪೂರ್ತಿ ಬ್ರೇಕ್. ಗಾಡಿ ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಪಿನ್ ಹೊರಗೆ ತೆಗೆಯುವುದಕ್ಕೇ ಇಕ್ಕಾ ಮಧ್ಯಾಹ್ನದ ತನಕ ಒದ್ದಾಡಿದರು. ಎಮರಿ ಪೇಪರ್ ಹಾಕಿ ಉಜ್ಜಿ, ಹೊಸ ರಬ್ಬರ್ ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದರು. ಚಾಸಿಗೆ ಹೊಡೆಯುವ ಸಾದಾ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮತ್ತೆ ಪಿನ್ ಹಿಡಿಯುತ್ತದಂತೆ. ಕೈಯಲ್ಲಿ ತಳ್ಳಿದರೆ ಕ್ಯಾಲಿಪರ್ ಅತ್ತಿತ್ತ ಜಾರಬೇಕು, ಪರೀಕ್ಷೆ ಅಷ್ಟೇ. ಹೊಸ ಮಾಸ್ಟರ್ ಸಿಲಿಂಡರ್ ಬೇಕಾಗಲಿಲ್ಲ, ಬೇರೆ ಕಂಪನಿ ಪ್ಯಾಡೂ ಬೇಕಾಗಲಿಲ್ಲ.

ಅಲ್ಲಿ ಕೂತಿದ್ದಾಗ ಅವರು ಹೇಳಿದ್ದರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಪೆಡಲ್ ವಿಷಯ. ಬ್ರೇಕ್ ಹಿಡಿತಾ ಇಲ್ಲ ಅಂತ ಗ್ಯಾರೇಜಿನಲ್ಲಿ ಹೇಳಿದರೆ ಏನೂ ಹೇಳಿದ ಹಾಗಲ್ಲ. ಕಾಲಿಗೆ ಏನು ಅನ್ನಿಸುತ್ತದೆ ಅದನ್ನು ಹೇಳಬೇಕು. ಪೆಡಲ್ ಮೆತ್ತಗಿದ್ದು, ಎರಡು ಮೂರು ಸಲ ತುಳಿದಾಗ ಮೇಲೆ ಬಂದರೆ ಲೈನಿನಲ್ಲಿ ಏರ್ ಇದೆ. ಕ್ಯಾಲಿಪರ್ ಪೂರ್ತಿ ಬಿಚ್ಚಿ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿದ್ದರೆ ಏರ್ ಹೊರಬಿಡುವ ಬ್ಲೀಡಿಂಗ್ ನಿಪ್ಪಲ್ ಕೆಳಗೆ ಬರುತ್ತದೆ, ಆಗ ದಿನವಿಡೀ ಬ್ಲೀಡ್ ಮಾಡಿದರೂ ಏರ್ ಮೇಲೇ ಉಳಿಯುತ್ತದೆ. ತುಳಿದು ಹಿಡಿದುಕೊಂಡಾಗ ಪೆಡಲ್ ನಿಧಾನವಾಗಿ ಕೆಳಗೆ ಹೋಗುತ್ತಾ ಇದ್ದರೆ ಎಲ್ಲೋ ಲೀಕ್ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಹಳೇ ಗಾಡಿಗಳಲ್ಲಿ ಬ್ಲೀಡಿಂಗ್ ಮಾಡುವಾಗ ಪೆಡಲನ್ನು ಫ್ಲೋರ್ ಮುಟ್ಟುವ ತನಕ ತುಳಿದರೇ ಈ ರಬ್ಬರ್ ಹಾಳಾಗುವುದುಂಟು, ಯಾಕೆಂದರೆ ಸಿಲಿಂಡರಿನ ಆ ತುದಿಗೆ ಪಿಸ್ಟನ್ ಯಾವತ್ತೂ ಹೋಗಿರುವುದಿಲ್ಲ, ಅಲ್ಲಿ ತುಕ್ಕು ಕೊಳೆ ಇರುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡರೆ ಸಾಕು.

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಗಾಡಿ ನಿಲ್ಲದಿದ್ದರೆ ವ್ಯಾಕ್ಯೂಮಿನಿಂದ ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಕಡೆ ನೋಡಿ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಹಾಗೇ ಹಿಡಿದುಕೊಂಡು ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ, ಪೈಪ್ ಬಿರುಕು ಬಿಟ್ಟಿರಬಹುದು, ಪಂಪ್ ಹೋಗಿರಬಹುದು. ಡೀಸೆಲ್ ಗಾಡಿಗೆ ವ್ಯಾಕ್ಯೂಮ್ ಕೊಡುವುದು ಎಂಜಿನ್ ತಿರುಗಿದರೆ ಮಾತ್ರ ತಿರುಗುವ ಪಂಪು. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಡುವವರು ಇನ್ನೂ ಇದ್ದಾರೆ ಅಂತ ಬರೆಯಲು ನಾಚಿಕೆ ಆಗುತ್ತದೆ. ಒಂದೆರಡು ಸಲ ತುಳಿಯುವಷ್ಟರಲ್ಲಿ ಇದ್ದ ವ್ಯಾಕ್ಯೂಮ್ ಖಾಲಿ, ಆಮೇಲೆ ಎರಡೂ ಕಾಲು ಹಾಕಿ ತುಳಿದರೂ ಕಷ್ಟ.

ಮುಂದಿನ ಪ್ಯಾಡ್ ಬದಲಾಯಿಸಿ ಹಿಂದಿನ ಡ್ರಮ್ಮನ್ನು ಮುಟ್ಟದೆ ಬಿಡುವುದು ಇನ್ನೊಂದು ಕೆಟ್ಟ ಅಭ್ಯಾಸ. ಹಿಂದಿನ ಚಕ್ರದಲ್ಲಿ ಡಿಸ್ಕಿನ ಬದಲು ಡ್ರಮ್ಮು, ಅದನ್ನು ಒಳಗಿನಿಂದ ಒತ್ತುವುದು ಶೂ. ಆ ಶೂ ಸವೆದು ಡ್ರಮ್ಮಿನಿಂದ ದೂರ ಇದ್ದರೆ ಪೆಡಲ್ ಅರ್ಧ ದಾರಿ ಸುಮ್ನೆ ಹೋಗುತ್ತದೆ. ಹ್ಯಾಂಡ್ ಬ್ರೇಕನ್ನು ಒಂದೆರಡು ಹಲ್ಲು ಎಳೆದಿಟ್ಟು ಪೆಡಲ್ ತುಳಿದು ನೋಡಿ. ಆಗ ಪೆಡಲ್ ಮೇಲೇ ನಿಂತರೆ ತೊಂದರೆ ಮುಂದೆ ಅಲ್ಲ, ಹಿಂದೆ. ಶೂ ಸವೆದಂತೆ ಅದನ್ನು ಡ್ರಮ್ಮಿಗೆ ಹತ್ತಿರ ತರುವ ಆಟೋಮ್ಯಾಟಿಕ್ ಅಡ್ಜಸ್ಟರ್ ಇದೆ ಅಂತ ಮೆಕ್ಯಾನಿಕ್ ಹೇಳುತ್ತಾನೆ. ಇದೆ, ಕೆಸರು ಕಚ್ಚಿ ಸತ್ತುಹೋಗಿರುತ್ತದೆ.

ಬಾಡಿಗೆ ಹೊಡೆಯುವವರು ಓದಲೇಬೇಕಾದ್ದು ಮುಂದಿನದು. ಜಾಸ್ತಿ ಲೋಡ್ ಹಾಕಲು ನಾವು ಹಿಂದಿನ ಸ್ಪ್ರಿಂಗ್‌ಗೆ ಒಂದೆರಡು ಪ್ಲೇಟ್ ಹೆಚ್ಚಿಗೆ ಸೇರಿಸುತ್ತೇವೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಅಂತಾರೆ. ಲೋಡಿಗೆ ಗಾಡಿ ಎಷ್ಟು ತಗ್ಗುತ್ತದೆ ಅನ್ನುವುದನ್ನು ಒಂದು ಕಡ್ಡಿಯ ಮೂಲಕ ತಿಳಿದುಕೊಂಡು ಹಿಂದಿನ ಬ್ರೇಕಿಗೆ ಅಷ್ಟು ಒತ್ತಡ ಬಿಡುವುದು ಅದರ ಕೆಲಸ. ಪ್ಲೇಟ್ ಹೆಚ್ಚಿಸಿದರೆ ಎರಡು ಟನ್ ಹಾಕಿದರೂ ಗಾಡಿ ತಗ್ಗುವುದಿಲ್ಲ. ವಾಲ್ವಿಗೆ ಗಾಡಿ ಖಾಲಿ ಇದೆ ಅಂತಲೇ ಲೆಕ್ಕ! ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ, ಮುಂದಿನ ಪ್ಯಾಡ್ ಒಂದೇ ಎಲ್ಲ ಹೊತ್ತು ಬೇಗ ಸುಡುತ್ತದೆ. ಮತ್ತೆ ನಾವು ಪ್ಯಾಡ್ ಕಂಪನಿಗೆ ಬೈಯುತ್ತೇವೆ. ಕೆಲವು ಕಡೆ ಆ ಕಡ್ಡಿ ಮುರಿದು ನೇತಾಡುತ್ತಿರುತ್ತದೆ, ಯಾರೂ ಕೇಳುವವರಿಲ್ಲ.

ಬ್ರೇಕ್ ಆಯಿಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ನೀರು ಹೀರಿದ ಮೇಲೆ 155. ಘಾಟಿಯಲ್ಲಿ ಕ್ಯಾಲಿಪರ್ ಬಿಸಿಯಾಗಿ ಆಯಿಲ್ ಕುದಿದರೆ ಲೈನಿನಲ್ಲಿ ಆವಿ, ಪೆಡಲ್ ನೇರ ಕೆಳಗೆ. ಇದರ ಮೋಸ ಏನೆಂದರೆ, ಆರಿದ ಮೇಲೆ ಆವಿ ಮತ್ತೆ ಆಯಿಲ್ ಜೊತೆ ಸೇರಿ ಪೆಡಲ್ ಸರಿಯಾಗಿಬಿಡುತ್ತದೆ. ಅಪಘಾತ ಆಗಿ ಒಂದು ಗಂಟೆ ಬಿಟ್ಟು ಬಂದು ತುಳಿದು ನೋಡಿದವರಿಗೆ ಬ್ರೇಕ್ ಚೆನ್ನಾಗೇ ಇದೆ ಅನ್ನಿಸುತ್ತದೆ, ತಪ್ಪೆಲ್ಲ ಡ್ರೈವರ್ ಮೇಲೆ. ಕೊಡಗಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಪೂರ್ತಿ ಬದಲಾಯಿಸಬೇಕು. ಮುಚ್ಚಳ ತೆಗೆದು ಶೆಲ್ಫಿನಲ್ಲಿ ಒಂದು ಮಳೆಗಾಲ ಕಳೆದ ಡಬ್ಬದಿಂದ ಸುರಿಯುವುದಕ್ಕೆ ಬಿಡಬೇಡಿ, ಹೊಸ ಡಬ್ಬ ಒಡೆಸಿ.

ಡಿಸ್ಕ್ ಹೊಸದು ಹಾಕಿಸಿದರೆ ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಎಣ್ಣೆ ಸವರಿರುತ್ತಾರೆ, ಬ್ರೇಕ್ ಕ್ಲೀನರ್ ಹಾಕಿ ಒರೆಸದಿದ್ದರೆ ಪ್ಯಾಡ್ ಆ ಎಣ್ಣೆ ಕುಡಿಯುತ್ತದೆ. ಹಳೇ ಡಿಸ್ಕ್ ಆದರೆ ಕನಿಷ್ಠ ದಪ್ಪ ಎಷ್ಟು ಮಿಲಿಮೀಟರ್ ಅಂತ ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ, ಅಳೆದು ನೋಡಿಸಿ. ಪ್ಯಾಡ್ ಹಾಕಿದ ಕೂಡಲೇ ಗಾಡಿ ಹಿಂದೆ ತೆಗೆಯಬೇಡಿ, ಪಿಸ್ಟನ್ ಒಳಗೆ ತಳ್ಳಿರುತ್ತಾರಾದ್ದರಿಂದ ಮೊದಲ ತುಳಿತಕ್ಕೆ ಬ್ರೇಕೇ ಇರುವುದಿಲ್ಲ. ನಿಂತಲ್ಲೇ ತುಳಿದು ತುಳಿದು ಪೆಡಲ್ ಗಟ್ಟಿ ಮಾಡಿಕೊಂಡು ಹೊರಡಿ.

ದೊಡ್ಡ ಲಾರಿಗಳದ್ದು ಏರ್ ಬ್ರೇಕ್, ಹೆಚ್ಚಿನವಕ್ಕೆ ಡ್ರಮ್ಮು, ಅದರ ಒಳಗೆ ಉಜ್ಜುವ ಲೈನರ್. ಅದರ ಬಗ್ಗೆ ನನಗಿಂತ ಲಾರಿಯವರು ಚೆನ್ನಾಗಿ ಬರೆದಾರು. ಲೈನರ್ ಹೊಸದಾದ ಮೇಲೆ ಲೈನರ್ ಮತ್ತು ಡ್ರಮ್ಮಿನ ಅಂತರ ಸರಿಮಾಡುವ ಸ್ಲಾಕ್ ಅಡ್ಜಸ್ಟರ್ ಎಲ್ಲ ಚಕ್ರಕ್ಕೂ ಒಂದೇ ಸಮ ಇರಬೇಕು, ಏರ್ ಟ್ಯಾಂಕಿನ ನೀರು ಬಿಡಬೇಕು, ಮಳೆಗಾಲದಲ್ಲಂತೂ ದಿನಾ, ಇಷ್ಟು ಮಾತ್ರ ಗೊತ್ತು.

ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ನಿಲ್ಲಿಸಿದ ಕೂಡಲೇ "ಬೇಗ ಮಾಡಿ ಮಾರಾಯ್ರೇ, ಲೋಡ್ ಕಾಯ್ತಾ ಉಂಟು" ಅಂತ ತಲೆಯ ಮೇಲೆ ನಿಲ್ಲುವವರು ನಾವೇ. ಪಿನ್ ಬಿಚ್ಚಿ ತೊಳೆದರೆ ಅದಕ್ಕೆ ಕೂಲಿ ಕೊಡಲು ಚೌಕಾಸಿ ಮಾಡುವವರೂ ನಾವೇ. ಆದರೂ ಒಂದು ಮಾತು ಕೇಳುತ್ತೇನೆ. ಬಿಚ್ಚಿದ ಹಳೇ ಪ್ಯಾಡನ್ನು ಗುಜರಿ ಡಬ್ಬಕ್ಕೆ ಎಸೆಯುವ ಮೊದಲು ಯಾವ ಚಕ್ರದ್ದು, ಒಳಗಿನದಾ ಹೊರಗಿನದಾ ಅಂತ ಗಾಡಿಯವರಿಗೆ ತೋರಿಸಿ. ಏರ್ ಗನ್ ಹಿಡಿದು ಡ್ರಮ್ ಧೂಳು ಹಾರಿಸುವುದನ್ನೂ ನಿಲ್ಲಿಸಿ, ಅಗ್ಗದ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದೀತು, ಆ ಧೂಳು ಕುಡಿಯುವವರು ನಿಮ್ಮ ಹುಡುಗರೇ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಇನ್ನು ಆರ್‌ಟಿಒ ಕಚೇರಿಗೆ. ಎಂಟು ವರ್ಷದ ತನಕ ನಮ್ಮ ಗಾಡಿಗಳಿಗೆ ಯೋಗ್ಯತಾ ಪರೀಕ್ಷೆ, ಅಂದರೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ನಡುವೆ ಎರಡು ಮಳೆಗಾಲ, ಎರಡು ಕೊಯ್ಲು ಕಳೆದುಹೋಗುತ್ತವೆ. ಕೊಯ್ಲು ಶುರುವಾಗುವ ಮುಂಚೆ, ನವೆಂಬರ್‌ನಲ್ಲಿ, ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆಯಲ್ಲಿ ಒಂದೊಂದು ದಿನ ಬ್ರೇಕ್ ತಪಾಸಣೆ ಇಟ್ಟುಕೊಳ್ಳಲಿ. ದಂಡ ಹಾಕುವ ದಿನ ಅಲ್ಲ, ನೋಡಿ ಹೇಳುವ ದಿನ. ದಂಡ ಅಂದರೆ ಒಂದು ಗಾಡಿಯೂ ಬರುವುದಿಲ್ಲ, ನಾನೂ ಬರುವುದಿಲ್ಲ. ಊರಿನ ಒಬ್ಬಿಬ್ಬರು ಹಳೇ ಮೆಕ್ಯಾನಿಕ್‌ಗಳನ್ನು ಜೊತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ದಿನಾಂಕ ಗೊತ್ತಾದರೆ ನೀವು ಪತ್ರಿಕೆಯಲ್ಲಿ ಹಾಕಿ, ಪಿಕಪ್ ಸ್ಟ್ಯಾಂಡುಗಳಿಗೆ ಸುದ್ದಿ ಮುಟ್ಟಿಸುವುದು ನಮಗೆ ಬಿಡಿ.

ಇತಿ,
ಒಬ್ಬ ಪಿಕಪ್ ಮಾಲೀಕ, ಸುಂಟಿಕೊಪ್ಪ